ಒಂದು ಮಾಸದ ಕಾದಂಬರಿ

ಇಂಗ್ಲಿಷಿನವರು ‘ನಾವೆಲ್’ ಎಂದು ಕರೆಯುವ ಗ್ರಂಥಜಾತಿಗೆ ನಮ್ಮವರು ‘ಕಾದಂಬರಿ’ ಎಂದು ಹೆಸರಿಟ್ಟರು. ಮರಾಠಿಯವರೂ ಅದೇ ಹೆಸರಿನಿಂದ ವ್ಯವಹರಿಸುತ್ತಾರೆ. ಇದು ಬಾಣಭಟ್ಟನ ಗದ್ಯಕಾವ್ಯದ ಹೆಸರೆಂಬುದು ವಾಚಕರಿಗೆ ತಿಳಿದ ವಿಷಯವೇ. ಆದರೆ ಆ ಮಹಾಕವಿಯು ತನ್ನ ಕಾದಂಬರಿಯನ್ನು ಮುಗಿಸಲಿಲ್ಲವೆಂಬುದನ್ನೂ, ಅವನು ಕಾಲವಾದ ಮೇಲೆ ಮಗನಾದ ಭೂಷಣಭಟ್ಟನು ಉತ್ತರಭಾಗವನ್ನು ರಚಿಸಿ ಪೂರ್ತಿಗೊಳಿಸಬೇಕಾಯಿತೆಂಬುದನ್ನೂ ನಾವು ಅಷ್ಟಾಗಿ ನೆನೆಯುವುದಿಲ್ಲ. ಕರ್ತೃವಿನ ಕೈಯಲ್ಲಿ ಮುಗಿಯದೆ ಉಳಿದ ಪುಸ್ತಕದ ಹೆಸರನ್ನೇ ಒಂದು ಸಾಹಿತ್ಯಪ್ರಕಾರಕ್ಕೆ ಇಟ್ಟುಕೊಂಡಿರುವ ನಮ್ಮಲ್ಲಿ, ಅರ್ಧಕ್ಕೆ ನಿಂತ ಕಾದಂಬರಿಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಮಲಗಿರುವುದು ಆಶ್ಚರ್ಯವೇನೂ ಅಲ್ಲ. ನನ್ನ ಪೆಟ್ಟಿಗೆಯಲ್ಲಿಯೂ ಅಂಥದೊಂದು ಇಪ್ಪತ್ತು ವರ್ಷಗಳಿಂದ ಇದ್ದಿತು. ಹನ್ನೊಂದು ಪುಟ, ಅದರಲ್ಲಿ ಮೂರು ಪುಟ ಸೂರ್ಯೋದಯ ವರ್ಣನೆ.

ಹೀಗಿರಲು, 2025ರ ಅಕ್ಟೋಬರಿನಲ್ಲಿ ನಮ್ಮ ಸಂಘದ ವಾಚನಾಲಯಕ್ಕೆ ಬರುತ್ತಿದ್ದ ಕಾಲೇಜು ಅಧ್ಯಾಪಿಕೆಯೊಬ್ಬಳು ಒಂದು ಹೊಸ ಸುದ್ದಿಯನ್ನು ತಂದಳು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದಲ್ಲಿ ಕ್ರಿಸ್ ಬೇಟಿ ಎಂಬವನೂ ಅವನ ಸ್ನೇಹಿತರೂ ಸೇರಿ ಒಟ್ಟು 21 ಮಂದಿ, 1999ರ ಜುಲೈ ತಿಂಗಳಲ್ಲಿ, ಒಂದೇ ಮಾಸದೊಳಗೆ ತಲೆಗೊಂದು ಕಾದಂಬರಿ ಬರೆಯುವುದೆಂದು ಪಣ ತೊಟ್ಟರಂತೆ. ಮರುವರ್ಷ ಅದನ್ನು ನವೆಂಬರಿಗೆ ವರ್ಗಾಯಿಸಿದರು. ಹೊರಗೆ ಹವೆ ಕೆಟ್ಟಿರುವ ತಿಂಗಳಾದರೆ ಬರೆಯುವವನು ಮನೆಯಲ್ಲಿ ಕೂರುತ್ತಾನೆಂಬ ವಿವೇಕದಿಂದ. ‘ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್’ ಎಂದು ಅದರ ಹೆಸರು. ನಿಯಮವೊಂದೇ: ಮೂವತ್ತು ದಿನಗಳಲ್ಲಿ 50,000 ಪದಗಳು, ಎಂದರೆ ದಿನಕ್ಕೆ ಸುಮಾರು 1,667. ಗೆದ್ದವರಿಗೆ ಹಣದ ಬಹುಮಾನವಿಲ್ಲ, ಸೋತವರಿಗೆ ದಂಡವಿಲ್ಲ, ಗುಣದೋಷ ಪರೀಕ್ಷಿಸುವ ಪಂಡಿತರಿಲ್ಲ. ಕಾಲಕ್ರಮದಲ್ಲಿ ನಾನಾ ದೇಶಗಳ ಲಕ್ಷಾಂತರ ಜನರು ಇದರಲ್ಲಿ ಸೇರಿದರು. ಸಾರಾ ಗ್ರೂಯೆನ್ ಎಂಬಾಕೆ ಹೀಗೆ ಉಪಕ್ರಮಿಸಿದ ‘ವಾಟರ್ ಫಾರ್ ಎಲಿಫೆಂಟ್ಸ್’ 2006ರಲ್ಲಿ ಪ್ರಕಟವಾಗಿ ಬಹು ಪ್ರಸಿದ್ಧವಾಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆಯು ಹಣದ ಅಡಚಣೆಯೇ ಮೊದಲಾದ ಕಾರಣಗಳಿಂದ ತಾನು ಮುಚ್ಚುವುದಾಗಿ 2025ರ ಮಾರ್ಚ್ ಕೊನೆಯಲ್ಲಿ ಸಾರಿತು. ‘ಸಂಸ್ಥೆ ಮುಚ್ಚಿತು ಸಾರ್, ನವೆಂಬರ್ ಮುಚ್ಚಲಿಲ್ಲವಲ್ಲ’ ಎಂದಳು ಆ ಹುಡುಗಿ. ಈ ಮಾತಿಗೆ ನಾವು ಐದು ಜನ ಸಿಕ್ಕಿಬಿದ್ದೆವು: ಅವಳು, ನಾನು, ವೃದ್ಧರಾದ ಒಬ್ಬ ವಕೀಲರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಒಬ್ಬ ಗೃಹಿಣಿ, ಕಬ್ಬಿಣದ ಸಾಮಾನಿನ ಅಂಗಡಿಯ ಒಬ್ಬ ಯಜಮಾನರು.

ಮೊದಲ ತಕರಾರು ಲೆಕ್ಕದ್ದು. ಇಂಗ್ಲಿಷಿನಲ್ಲಿ ‘ಇನ್ ದಿ ಹೌಸ್’ ಎಂದರೆ ಮೂರು ಪದ. ಕನ್ನಡದಲ್ಲಿ ‘ಮನೆಯಲ್ಲಿ’ ಎಂದರೆ ಒಂದೇ. ಆದಕಾರಣ ಅವರ ಐವತ್ತು ಸಾವಿರವು ನಮಗೆ ಅನ್ಯಾಯವೆಂದು ವಕೀಲರು ವಾದಿಸಿ, ನಮ್ಮ ಸಂಖ್ಯೆಯನ್ನು 30,000ಕ್ಕೆ, ಎಂದರೆ ದಿನಕ್ಕೆ ಒಂದು ಸಾವಿರಕ್ಕೆ ಇಳಿಸಿದರು. ಸಮಾಸಗಳ ಗತಿಯೇನು ಎಂದು ನಾನು ಕೇಳಿದೆನು. ಎಷ್ಟು ಉದ್ದವಾದರೂ ಒಂದೇ ಪದವೆಂದು ತೀರ್ಪಾಯಿತು. ‘ಮೇಷ್ಟ್ರೇ, ನಿಮ್ಮ ಬಾಣಭಟ್ಟನು ಈ ಪಂದ್ಯದಲ್ಲಿ ಖಂಡಿತವಾಗಿ ಸೋಲುತ್ತಿದ್ದನು’ ಎಂದು ಅವರು ನಕ್ಕರು. ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕಲಿತ ಸಮಾಸಪ್ರೌಢಿಯು ಒಂದು ಸಂಜೆಯಲ್ಲಿ ನಷ್ಟದ ಬಾಬತ್ತಾಗಿ ಪರಿಣಮಿಸಿದುದನ್ನು ಕಂಡು ನಾನೂ ನಕ್ಕೆನು. ಆ ತಿಂಗಳು ನನ್ನ ಗದ್ಯವು ಬಿಡಿಬಿಡಿಯಾಗಿ ನಡೆಯಲು ಕಲಿತುದು ಈ ಲೋಭದಿಂದಲೇ ಹೊರತು ಶೈಲಿಯ ಜಿಜ್ಞಾಸೆಯಿಂದಲ್ಲ.

ನಿತ್ಯವೂ ಸಂಜೆ ಆರು ಗಂಟೆಗೆ ವಾಚನಾಲಯದ ಉದ್ದನೆಯ ಮೇಜಿನ ಸುತ್ತ ಕೂಡುವುದು, ಮಾತಿಲ್ಲದೆ ಅರ್ಧ ಗಂಟೆ ಬರೆಯುವುದು, ಕಾಫಿ ಕುಡಿದು ಇನ್ನರ್ಧ ಗಂಟೆ ಬರೆಯುವುದು, ಏಳುವಾಗ ಅಂದಿನ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಮ್ಮ ತಮ್ಮ ಹೆಸರಿನ ಮುಂದೆ ಬರೆಯುವುದು. ಮಿಕ್ಕುದನ್ನು ಅವರವರು ಮನೆಯಲ್ಲಿ ಸಾಗಿಸತಕ್ಕದ್ದು. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಕೂಡದು, ಚೆನ್ನಾಗಿದೆಯೆ ಎಂದು ಕೇಳಕೂಡದು. ಎಷ್ಟಾಯಿತು ಎಂದು ಮಾತ್ರ ಕೇಳಬಹುದು.

ಇಷ್ಟು ಶುಷ್ಕವಾದ ಸಹವಾಸದಿಂದ ಸಾಹಿತ್ಯ ಹುಟ್ಟೀತೆ ಎಂದು ವಾಚಕರು ಶಂಕಿಸಬಹುದು. ಮಲೆನಾಡಿನವರು ಶಂಕಿಸಲಾರರು. ಅಡಿಕೆಯ ಕೊಯ್ಲಿನ ಕಾಲದಲ್ಲಿ ರಾತ್ರಿಯ ಹೊತ್ತು ಅಂಗಳದಲ್ಲಿ ದೀಪವಿಟ್ಟುಕೊಂಡು ಹತ್ತಾರು ಮಂದಿ ಸಾಲಾಗಿ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ನಾವೆಲ್ಲರೂ ಕಂಡವರು. ಪ್ರತಿಯೊಬ್ಬರ ಕೈಕೆಲಸ ಪ್ರತಿಯೊಬ್ಬರದೇ; ಕೊನೆಗೆ ಎಷ್ಟು ಡಬ್ಬವಾಯಿತೆಂದು ಅಳೆಯುವುದೂ ಬೇರೆಬೇರೆಯಾಗಿಯೇ. ಆದರೂ ಒಬ್ಬನೇ ಕುಳಿತರೆ ಒಂದು ತಾಸಿಗೆ ನಿದ್ದೆ ತೂಗುವವನು ಆ ಸಾಲಿನಲ್ಲಿ ನಡುರಾತ್ರಿಯವರೆಗೆ ಎಚ್ಚರವಾಗಿರುತ್ತಾನೆ. ಪಕ್ಕದವನ ಕತ್ತಿಯ ಸದ್ದು ನಿಲ್ಲದಿರುವವರೆಗೆ ಇವನ ಕೈಯೂ ನಿಲ್ಲದು. ನಮ್ಮ ಮೇಜಿನ ಸುತ್ತ ಕೇಳುತ್ತಿದ್ದುದು ಲೇಖನಿಯ ಸದ್ದು, ಅಧ್ಯಾಪಿಕೆಯ ಕಂಪ್ಯೂಟರಿನ ಟಕಟಕ, ಪರಿಣಾಮ ಅದೇ.

ಆಂಗ್ಲ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನೆಂದು 1883ರಲ್ಲಿ ಪ್ರಕಟವಾದ ಅವನ ಆತ್ಮಚರಿತ್ರೆಯಿಂದ ತಿಳಿಯಿತು. ಇದನ್ನೋದಿದ ರಸಿಕರು ಮೂಗು ಮುರಿದರು. ಎಲ್ಲರೂ ಗಡಿಯಾರವನ್ನು ಕುರಿತು ಮಾತನಾಡುತ್ತಾರೆ. ನನಗೆ ಮುಖ್ಯವಾಗಿ ಕಂಡುದು ಅವನ ಮುದಿ ಸೇವಕನು. ಅವನು ಹೊತ್ತಿಗೆ ಸರಿಯಾಗಿ ಕಾಫಿ ತಂದು ಯಜಮಾನನನ್ನು ಎಬ್ಬಿಸತಕ್ಕದ್ದೆಂದೂ, ಅದಕ್ಕಾಗಿ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆಯೆಂದೂ ಏರ್ಪಾಡಾಗಿತ್ತು. ತನ್ನ ಯಶಸ್ಸಿಗೆ ಆ ಮುದುಕನಿಗಿಂತ ಹೆಚ್ಚಾಗಿ ತಾನು ಇನ್ನಾರಿಗೂ ಋಣಿಯಲ್ಲವೆಂಬ ಭಾವ ಟ್ರಾಲಪ್ಪನಿಗಿದ್ದಿತು.

ರಷ್ಯದ ದಾಸ್ತೊಯೆವ್‌ಸ್ಕಿಯ ಕಥೆ ಇದಕ್ಕಿಂತ ಭಯಂಕರವಾದುದು. ಸಾಲದಲ್ಲಿ ಮುಳುಗಿದ್ದ ಅವನು ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದನು: 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ, ಒಂಬತ್ತು ವರ್ಷಗಳವರೆಗೆ ಅವನು ಬರೆಯುವುದನ್ನೆಲ್ಲ ಪ್ರಕಾಶಕನು ಬಿಡಿಗಾಸು ಕೊಡದೆ ಅಚ್ಚುಹಾಕಬಹುದು. ಅಕ್ಟೋಬರ್ ಬಂದರೂ ಒಂದು ಸಾಲು ಬರೆದಿರಲಿಲ್ಲ. ಸ್ನೇಹಿತರು ಕನಿಕರದಿಂದ, ತಾವೇ ಒಂದೊಂದು ಭಾಗವನ್ನು ಹಂಚಿಕೊಂಡು ಬರೆದು ಮುಗಿಸುವುದಾಗಿ ಹೇಳಿದರು. ಪರರ ಕೃತಿಗೆ ತನ್ನ ಹೆಸರಿಡಲಾರೆನೆಂದು ಅವನು ಒಲ್ಲೆನೆಂದನು. ಆಗ ಅವರು ಶೀಘ್ರಲಿಪಿ ಬಲ್ಲವಳೊಬ್ಬಳನ್ನು ಗೊತ್ತುಮಾಡಿಸಿದರು. ಇಪ್ಪತ್ತು ವರ್ಷದ ಆ್ಯನಾ ಎಂಬ ಆ ಹುಡುಗಿ ಅಕ್ಟೋಬರ್ 4ರಿಂದ ದಿನವೂ ಬರುತ್ತಿದ್ದಳು. ಅವನು ಹೇಳುತ್ತಿದ್ದನು, ಅವಳು ಮನೆಗೆ ಹೋಗಿ ರಾತ್ರಿ ಶುದ್ಧಪ್ರತಿ ಮಾಡಿ ಮರುದಿನ ತರುತ್ತಿದ್ದಳು. ಇಪ್ಪತ್ತಾರು ದಿನಗಳಲ್ಲಿ ‘ಜೂಜುಗಾರ’ ಮುಗಿಯಿತು. ಪ್ರಕಾಶಕನು ಬೇಕೆಂದೇ ಊರು ಬಿಟ್ಟಿದ್ದನಾದ್ದರಿಂದ ಹಸ್ತಪ್ರತಿಯನ್ನು ಪೋಲೀಸು ಠಾಣೆಯಲ್ಲಿ ಒಪ್ಪಿಸಿ ರಸೀತಿ ಪಡೆಯಬೇಕಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಅವರಿಬ್ಬರಿಗೂ ವಿವಾಹವಾಯಿತೆಂಬುದು ಪ್ರಕೃತಕ್ಕೆ ಅಪ್ರಸ್ತುತವಾದರೂ ಹೇಳದೆ ಬಿಡಲು ಮನಸ್ಸು ಬಾರದು. ಸ್ನೇಹಿತರ ಹತ್ತು ಲೇಖನಿಗಳಿಂದ ಅವನಿಗೆ ಪ್ರಯೋಜನವಿರಲಿಲ್ಲ. ಗೊತ್ತಾದ ಗಳಿಗೆಗೆ ಬಂದು ಎದುರು ಕುಳಿತು ‘ಮುಂದೆ?’ ಎನ್ನುವ ಒಂದು ಜೀವ ಬೇಕಾಗಿತ್ತು. ನಮ್ಮ ವ್ಯಾಸರಿಗೂ ಗಣಪತಿಗೂ ಆದ ಒಪ್ಪಂದದ ಕಥೆ ಇದಕ್ಕಿಂತ ಬೇರೆಯೇ?

ನಮ್ಮ ವಿಷಯಕ್ಕೆ ಬರುತ್ತೇನೆ. ಮೊದಲ ವಾರದಲ್ಲಿ ಎಲ್ಲರೂ ಶೂರರೇ. ಬಹುಕಾಲದಿಂದ ತಲೆಯಲ್ಲಿ ತುಂಬಿಕೊಂಡಿದ್ದುದು ತಾನಾಗಿ ಹರಿಯುತ್ತದೆ. ಒಂಬತ್ತು ಹತ್ತನೆಯ ದಿನದ ಸುಮಾರಿಗೆ ಆ ಕೂಡಿಟ್ಟ ಗಂಟು ಕರಗುತ್ತದೆ. ಅಲ್ಲಿಯವರೆಗೆ ಬರೆದುದು ಹಳಸಿದಂತೆಯೂ, ಬರೆಯಬೇಕಾದುದು ಬೆಟ್ಟದಂತೆಯೂ ಕಾಣುತ್ತದೆ. ಇಂಥ ಗಳಿಗೆಯಲ್ಲಿಯೇ ಕಬ್ಬಿಣದಂಗಡಿಯ ಯಜಮಾನರು ನಿಯಮ ಮುರಿದು, ಎರಡು ಪುಟವನ್ನು ವಕೀಲರಿಗೆ ಓದಿ ಹೇಳಿದರು. ವಕೀಲರು ಸದ್ಭಾವದಿಂದಲೇ, ‘ನಾಯಕಿ ಸ್ವಲ್ಪ ಬೇಗ ಒಪ್ಪಿಬಿಟ್ಟಳೇನೋ’ ಎಂದರು. ಅಷ್ಟೇ; ಯಜಮಾನರು ನಾಲ್ಕು ದಿನ ನಾಯಕಿಯ ಒಪ್ಪಿಗೆಯನ್ನು ತಿದ್ದುತ್ತ ಕುಳಿತರು, ಕ್ಯಾಲೆಂಡರಿನಲ್ಲಿ ಅವರ ಹೆಸರಿನ ಮುಂದೆ ನಾಲ್ಕು ಸೊನ್ನೆ ಬಿದ್ದವು. ತಿದ್ದುಪಡಿಗೆ ಒಂದು ಕಾಲವುಂಟು. ಮಗು ಹೆಜ್ಜೆ ಇಡುವಾಗ ನಡಿಗೆಯ ಗಾಂಭೀರ್ಯವನ್ನು ಯಾರೂ ವಿಚಾರಿಸುವುದಿಲ್ಲ. ಬ್ಯಾಂಕಿನ ಗೃಹಿಣಿ ಹನ್ನೆರಡನೆಯ ದಿನ ಮೊಮ್ಮಗನ ಜ್ವರದ ನಿಮಿತ್ತ ನಿಂತವರು ಮತ್ತೆ ಮುಂದುವರಿಸಲಿಲ್ಲ. ಆದರೆ ಜ್ವರ ಬಿಟ್ಟ ಮೇಲೆ ದಿನವೂ ಸಂಜೆ ಬಂದು ಮೇಜಿನ ಬಳಿ ಕುಳಿತು ಸ್ವೆಟರ್ ಹೆಣೆದರು. ಬರುವುದನ್ನು ನಿಲ್ಲಿಸದ ಅವರ ಔದಾರ್ಯವನ್ನು ನಾನು ಬರೆದವರ ಸಾಹಸಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ.

ನಾನು ಬರೆಯಲು ಎತ್ತಿಕೊಂಡುದು ನಾವು ಬಿಟ್ಟು ಬಂದ ಊರಿನ ಕಥೆಯನ್ನು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ತಿಯಾಗಿ, ಸಾಗರ ಸೀಮೆಯ ಎಷ್ಟೋ ಹಳ್ಳಿಗಳು ಹಿನ್ನೀರಿನ ಪಾಲಾದವು. ಹಿಂದೆ 1948ರಲ್ಲಿ ಮಡೆನೂರಿನಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಲ್ಲಿ ಮುಳುಗಿಹೋಯಿತೆಂದ ಮೇಲೆ ಮನೆ ತೋಟಗಳ ಮಾತೇನು? ಬೇಸಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಆ ಹಳೆಯ ಕಟ್ಟೆಯು ಮೇಲೆದ್ದು ಕಾಣುವುದುಂಟು. ನಮ್ಮ ಮನೆ ಕಾಣುವುದಿಲ್ಲ. ಮುಳುಗಡೆಯ ಬವಣೆಯನ್ನು ಸಾಗರದ ನಾ. ಡಿಸೋಜರು ತಮ್ಮ ಕಾದಂಬರಿಗಳಲ್ಲಿ ಬರೆದಿದ್ದಾರೆ. ಅದಕ್ಕೆ ಸೇರಿಸತಕ್ಕ ಯೋಗ್ಯತೆ ನನಗಿದೆಯೆಂದಲ್ಲ. ಊರು ಬಿಡುವಾಗ ನನಗೆ ನಾಲ್ಕು ವರ್ಷ. ಲಾರಿಯ ಮೇಲೆ ಬೋರಲು ಹಾಕಿದ್ದ ಒಂದು ಹಂಡೆಯ ಹೊರತು ನನಗೆ ಯಾವ ನೆನಪೂ ಇಲ್ಲ. ಎಲ್ಲವನ್ನೂ ಬಲ್ಲವರು ನನ್ನ ತಾಯಿ. ಅವರಿಗೆ ಈಗ ಎಂಬತ್ತೇಳು. ಈಚೆಗೆ ಬೆಳಿಗ್ಗೆ ಉಂಡುದು ಸಂಜೆಗೆ ಮರೆಯುತ್ತದೆ. ಆ ಊರು ಮಾತ್ರ ಇನ್ನೂ ಇದೆ. ಎಷ್ಟು ದಿನ ಇದ್ದೀತೆಂದು ಹೇಳುವವರಾರು? ಇಪ್ಪತ್ತು ವರ್ಷ ತಡೆದಿದ್ದ ನನಗೆ ಒಂದು ತಿಂಗಳ ಆತುರ ಬಂದುದಕ್ಕೆ ಕಾರಣ ಅಮೆರಿಕವಲ್ಲ, ಇದು.

ರಾತ್ರಿ ಊಟವಾದ ಮೇಲೆ ಅವರು, ‘ಎಲ್ಲಿಗೆ ಬಂತು?’ ಎಂದು ಕೇಳುವರು. ಪದಗಳ ಲೆಕ್ಕ ಅವರಿಗೆ ಬೇಡ. ಕೊಟ್ಟಿಗೆಯವರೆಗೆ ಬಂತು, ಭೂಮಿಹುಣ್ಣಿಮೆಯವರೆಗೆ ಬಂತು ಎಂದು ನಾನು ಹೇಳಿದರೆ, ಅಲ್ಲಿಂದ ಮುಂದಿನ ದಾರಿಯನ್ನು ಅವರು ಹೇಳುವರು: ಯಾವ ಮರದ ಮಾವು ಉಪ್ಪಿನಕಾಯಿಗೆ, ಯಾವ ಸಂಕದ ಮೇಲೆ ಮಳೆಗಾಲದಲ್ಲಿ ಕಾಲಿಡಕೂಡದು, ಸೊಸೆಯಾಗಿ ಬಂದ ದಿನ ದಣಪೆಯ ಬಳಿ ತಮ್ಮನ್ನು ನೋಡಲು ನಿಂತಿದ್ದವರು ಯಾರು ಯಾರು. ಮರುದಿನದ ಸಾವಿರ ಪದಗಳು ಹೀಗೆ ಹಿಂದಿನ ರಾತ್ರಿಯೇ ನನ್ನ ಕೈಸೇರುತ್ತಿದ್ದವು. ಹದಿನೆಂಟನೆಯ ರಾತ್ರಿ, ಕಥೆಯಲ್ಲಿ ಅಳತೆಯ ಸರಪಳಿ ಹಿಡಿದು ಸರ್ಕಾರದವರು ಬಂದರೆಂದು ನಾನು ಹೇಳಿದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀರನ್ನು ಈಗಲೇ ತರಬೇಡ, ತಮಾ’ ಎಂದರು.

ಆಗಲೆಂದೆನು. ಒಂದು ಮದುವೆ ಮಾಡಿಸಿದೆನು, ಒಂದು ಹೋರಿಯನ್ನು ಕಳೆದು ಹುಡುಕಿಸಿದೆನು, ತೋಟದ ಪಾಲಿನ ಜಗಳವೊಂದನ್ನು ಮೂರು ದಿನ ಎಳೆದೆನು. ಕಥಾಸಂವಿಧಾನದ ದೃಷ್ಟಿಯಿಂದ ಇವೆಲ್ಲ ಅನಾವಶ್ಯಕವೆಂದು ನಾಳೆ ವಿಮರ್ಶಕರು ಹೇಳಿಯಾರು; ಹೇಳಲಿ. ಆದರೆ ತಿಂಗಳು ತೀರುತ್ತ ಬಂದಿತು. ಮನೆಯಲ್ಲಿ ಲೇಖನಿ ಹಿಡಿದರೆ ಒಳಗಿನ ಕೋಣೆಯಿಂದ ಅವರ ಕೆಮ್ಮು ಕೇಳಿಸುವುದು, ಕೈ ಓಡದು. ಇಪ್ಪತ್ತೇಳನೆಯ ದಿನ ಸಂಜೆ ವಾಚನಾಲಯದಲ್ಲಿ, ಎಡಕ್ಕೆ ವಕೀಲರೂ ಎದುರಿಗೆ ಹೆಣಿಗೆಯ ಕಡ್ಡಿಗಳೂ ಇರಲು, ನಾನು ನೀರನ್ನು ತಂದೆನು. ಮೊದಲು ಕೆಳಗಿನ ಗದ್ದೆಗೆ, ತರುವಾಯ ಬಾವಿಗೆ, ಆಮೇಲೆ ತುಳಸಿಕಟ್ಟೆಗೆ. ಅರ್ಧ ಗಂಟೆಯ ಗಡುವು ಮುಗಿದರೂ ನಾನು ನಿಲ್ಲಿಸಲಿಲ್ಲ. ಮಿಕ್ಕವರು ಕಾಫಿಗೂ ಏಳಲಿಲ್ಲ. ಏನೆಂದು ಯಾರೂ ಕೇಳಲಿಲ್ಲ. ಎಂಟು ಗಂಟೆಗೆ ಅಧ್ಯಾಪಿಕೆ, ‘ಎಷ್ಟಾಯಿತು ಸಾರ್?’ ಎಂದಳು. ಎಣಿಸಿ, 2,140 ಎಂದೆನು. ಅವಳೇ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಬರೆದಳು.

ಆ ರಾತ್ರಿ ತಾಯಿ ಎಲ್ಲಿಗೆ ಬಂತೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಐವರಲ್ಲಿ ಮೂವರು ಗುರಿ ಮುಟ್ಟಿದೆವು: ಅಧ್ಯಾಪಿಕೆ, ವಕೀಲರು ಮತ್ತು ನಾನು. ವಕೀಲರ ಎಣಿಕೆಯಲ್ಲಿ ಸಂಧಿ ಬಿಡಿಸಿ ಒಂದನ್ನು ಎರಡು ಮಾಡಿದ ಪದಗಳು ಬಹಳವಾಗಿವೆಯೆಂಬ ಗುಮಾನಿ ನನಗುಂಟು. ಯಜಮಾನರು ಇನ್ನೂ ಬರೆಯುತ್ತಿದ್ದಾರೆ. ನಾಯಕಿಗೆ ಈಗ ವಿವಾಹವಾಗಿ ಇಬ್ಬರು ಮಕ್ಕಳು. ಹೆಣೆದ ಸ್ವೆಟರ್ ಆ ಮೊಮ್ಮಗನಿಗೆ ಸರಿಯಾಯಿತಂತೆ.

ನನ್ನ ಹಸ್ತಪ್ರತಿಯಲ್ಲಿ ತಿದ್ದತಕ್ಕದ್ದು ಬೇಕಾದಷ್ಟಿದೆ, ಅದಕ್ಕೆ ಅವಸರವಿಲ್ಲ. ಈಗ ಪ್ರತಿರಾತ್ರಿ ಅದನ್ನು ತಾಯಿಗೆ ಮೊದಲಿನಿಂದ ಓದಿ ಹೇಳುತ್ತಿದ್ದೇನೆ. ದಿನಕ್ಕೆ ಎರಡು ಪುಟ ಸಾಗಿದರೆ ಹೆಚ್ಚು. ಏಕೆಂದರೆ ನಡುವೆ ತಡೆದು ಅವರು ಹೇಳುವುದೇ ನಾನು ಬರೆದುದಕ್ಕಿಂತ ದೊಡ್ಡದು. ಅದನ್ನು ಎಡಬದಿಯ ಖಾಲಿ ಹಾಳೆಗಳಲ್ಲಿ ಗುರುತುಮಾಡಿಕೊಳ್ಳುತ್ತಿದ್ದೇನೆ. ನಿನ್ನೆ ಮದುವೆಯ ಪ್ರಕರಣಕ್ಕೆ ಬಂದೆವು. ಚಪ್ಪರಕ್ಕೆ ಅಡಿಕೆ ಸೋಗೆ ಯಾರ ತೋಟದಿಂದ ಬಂತೆಂಬುದನ್ನು ನಾನು ಬರೆದಿರಲಿಲ್ಲ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹತ್ತು ಗಂಟೆಯಾಯಿತು.