ಎರಡನೆಯ ವಿಳಾಸ

ಸಾಫ್ಟ್‌ವೇರ್ ಬರೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಮತ್ತೊಬ್ಬರು ನೋಡಿ ಒಪ್ಪುತ್ತಾರೆ. ಇದೆಲ್ಲ ನಡೆಯುವ ಜಾಗಗಳಲ್ಲಿ ಗಿಟ್‌ಲ್ಯಾಬ್ ಒಂದು. ನಮ್ಮ ಪುಟ್ಟ ಕಚೇರಿಯೂ ಅದನ್ನು ಸ್ವಂತ ಸರ್ವರಿನಲ್ಲಿ ಇಟ್ಟುಕೊಂಡಿದೆ. ನೋಡಿಕೊಳ್ಳುವ ಹೊಣೆ ನನ್ನದು.

2024ರ ಜನವರಿ 11ರಂದು ಗಿಟ್‌ಲ್ಯಾಬ್ ಒಂದು ಭದ್ರತಾ ದೋಷವನ್ನು ಪ್ರಕಟಿಸಿತು. ತೀವ್ರತೆ ಹತ್ತಕ್ಕೆ ಹತ್ತು. ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಸಿಹಿ ಹಂಚುತ್ತೇವೆ. ಇಲ್ಲಿ ಎದೆ ಧಸಕ್ಕೆಂದಿತು.

ವಿವರ ಓದಿದಾಗ ಅದರ ಸರಳತೆಯೇ ಹೆಚ್ಚು ಕಾಡಿತು. ಪಾಸ್‌ವರ್ಡ್ ಮರೆತೆವೆಂದರೆ ಹೊಸದನ್ನು ಹಾಕಿಕೊಳ್ಳುವ ಲಿಂಕ್ ನಮ್ಮ ಇಮೇಲಿಗೆ ಬರುತ್ತದಲ್ಲ? ಆ ಕೋರಿಕೆಯಲ್ಲಿ ಒಂದರ ಬದಲು ಎರಡು ವಿಳಾಸ ಕೊಟ್ಟರೆ, ಖಾತೆದಾರನದೊಂದು, ಕಳ್ಳನದೊಂದು, ಇಬ್ಬರಿಗೂ ಅದೇ ಲಿಂಕ್ ಹೋಗುತ್ತಿತ್ತು. ಎರಡನೆಯ ವಿಳಾಸ ಆ ಖಾತೆಗೆ ಸೇರಿದ್ದೇ ಎಂದು ಯಾರೂ ಕೇಳುತ್ತಿರಲಿಲ್ಲ. ಖಾತೆದಾರ ಏನನ್ನೂ ಒತ್ತಬೇಕಿರಲಿಲ್ಲ.

ಈ ತೂತು ಬಂದದ್ದು ಒಂದು ಉಪಕಾರದ ಜೊತೆ. ಮುಖ್ಯ ಇಮೇಲ್ ಅಲ್ಲದೆ ತಮ್ಮ ಇನ್ನೊಂದು ಇಮೇಲಿನಿಂದಲೂ ಜನ ಪಾಸ್‌ವರ್ಡ್ ಬದಲಿಸಿಕೊಳ್ಳಲಿ ಎಂದು 2023ರ 16.1 ಆವೃತ್ತಿಯಲ್ಲಿ ಅನುಕೂಲ ಮಾಡಿಕೊಟ್ಟಿದ್ದರು. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಹೋಗುತ್ತೇವೆ. ಕೇಳಿದವರಿಗೆಲ್ಲ ಅದನ್ನು ಕೊಟ್ಟರೆ ಏನಾದೀತೋ, ಇಲ್ಲಿ ಆದದ್ದೂ ಅದೇ.

ಹೊಸ ಆವೃತ್ತಿ ಹಾಕಿದೆ. ಲಾಗ್ ಕಡತಗಳಲ್ಲಿ ಎರಡು ವಿಳಾಸಗಳ ಕೋರಿಕೆ ಬಂದಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಆಮೇಲೆ ಎಲ್ಲರ ಖಾತೆಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿದೆ. ಅದಿದ್ದವರ ಪಾಸ್‌ವರ್ಡನ್ನು ಕಳ್ಳ ಬದಲಿಸಬಹುದಿತ್ತೇ ಹೊರತು, ಫೋನಿನ ಕೋಡ್ ಇಲ್ಲದೆ ಒಳಗೆ ಬರುವಂತಿರಲಿಲ್ಲ.

“ನಾವಿರೋದೇ ನಾಲ್ಕು ಜನ ಸರ್, ನಮ್ಮ ಕೋಡ್ ಯಾರಿಗೆ ಬೇಕು?” ಎಂದ ಹೊಸದಾಗಿ ಸೇರಿದ ಹುಡುಗ.

ನಾವು ಬರೆದದ್ದು ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಓಡುತ್ತದೆ. ನಮ್ಮ ಖಾತೆಗೆ ನುಗ್ಗಿದವನು ಅಲ್ಲಿ ಒಂದು ಸಾಲು ಸೇರಿಸಿದರೆ, ಅದು ನಮ್ಮ ಹೆಸರಿನಲ್ಲೇ ಆ ಕ್ಲಿನಿಕ್ಕಿಗೆ ಹೋಗುತ್ತದೆ. ಅಲ್ಲಿ ಸರದಿಯಲ್ಲಿ ಕೂತ ರೋಗಿಗೆ ಗಿಟ್‌ಲ್ಯಾಬ್ ಎಂಬ ಹೆಸರೂ ಗೊತ್ತಿರುವುದಿಲ್ಲ. ಆದರೂ ತನ್ನ ಹೆಸರು, ಫೋನ್ ನಂಬರು, ಕಾಯಿಲೆಯ ವಿವರ ಎಲ್ಲವನ್ನೂ ಆತ ನಮ್ಮನ್ನು ನಂಬಿಯೇ ಕೊಟ್ಟಿರುತ್ತಾನೆ.

ಇಷ್ಟು ಹೇಳಿದ ಮೇಲೆ ಹುಡುಗ ಮಾತಾಡದೆ ಫೋನ್ ತೆಗೆದ.