ಸೋದರಮಾವ

ಅಕ್ಕನ ಮಗಳನ್ನು ನಾನೇ ಮದುವೆಯಾಗಬೇಕೆಂಬುದು ಅವಳ ನಾಮಕರಣದ ದಿನವೇ ನಮ್ಮ ಮನೆಯಲ್ಲಿ ಆಡಿದ ಮಾತು. ಆಗ ನನಗೆ ಹತ್ತು ವರ್ಷ. ತೊಟ್ಟಿಲು ತೂಗುವ ಕೆಲಸವೂ ನನ್ನದೇ. ತೂಗಿದ ಕೈಗೇ ತಾಳಿ ಕೊಡಲು ಹಿರಿಯರು ಸಿದ್ಧರಾದಾಗ ನಾನು ಎಂ.ಎ. ಮುಗಿಸಿ ಕಾಲೇಜು ಸೇರಿದ್ದೆ.

ಮನೆಯವರೆದುರು ಒಲ್ಲೆನೆನ್ನುವ ಎದೆಗಾರಿಕೆ ನನಗಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ 1955ರ ಹಿಂದೂ ವಿವಾಹ ಕಾಯಿದೆಯನ್ನು ತೆರೆದೆ. ನಿಷಿದ್ಧ ಸಂಬಂಧಗಳಲ್ಲಿ ಮಾವನೂ ಸೋದರಸೊಸೆಯೂ ಇದ್ದರು! ಹಿಗ್ಗಿದೆ. 5ನೆಯ ಪ್ರಕರಣಕ್ಕೆ ಬಂದಾಗ ಹಿಗ್ಗು ಇಳಿಯಿತು: ವಧೂವರರಿಬ್ಬರ ಕಡೆಯ ರೂಢಿಯೂ ಒಪ್ಪಿದರೆ ಅಂಥ ಮದುವೆಗೆ ಅಡ್ಡಿಯಿಲ್ಲ. ರೂಢಿಯೆಂದರೆ ಬಹುಕಾಲದಿಂದ ಎಡೆಬಿಡದೆ, ಏಕರೀತಿಯಲ್ಲಿ ನಡೆದು ಬಂದದ್ದು. ನಮ್ಮಲ್ಲಿ ಅದಕ್ಕೆ ಸಾಕ್ಷಿ ಬೇಕೆ? ಅಜ್ಜಿಗೆ ಅಜ್ಜನೇ ಸೋದರಮಾವ. ಉತ್ತರದ ಕಡೆಯವರು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಈ ಸಂಬಂಧಕ್ಕೆ, ನಮ್ಮಂಥವರ ಸಲುವಾಗಿಯೇ ಬಾಗಿಲನ್ನು ಓರೆಮಾಡಿ ಬಿಟ್ಟಂತಿತ್ತು.

ಕಾಯಿದೆಯ ಹಿಂದೆ ಅಡಗಲು ಜಾಗವಿಲ್ಲವಾಯಿತು. ಅಕ್ಕನಿಗೆ ನಾನೇ ಹೇಳಬೇಕಾಯಿತು. "ನನ್ನ ಮಗಳಲ್ಲಿ ಏನು ಕೊರತೆ ಕಂಡೆಯೋ?" ಎಂದಳು. ಕೊರತೆಯಲ್ಲ, ಎತ್ತಿ ಆಡಿಸಿದ ಮಗು ಎಂದರೆ ಕೇಳಲಿಲ್ಲ. ಎರಡು ಯುಗಾದಿಗೆ ತವರಿನ ಹೊಸಿಲು ತುಳಿಯಲಿಲ್ಲ.

ಹುಡುಗಿಯ ಮನಸ್ಸನ್ನು ಯಾರೂ ಕೇಳಿರಲಿಲ್ಲ. ಕಾಯಿದೆಯನ್ನೆಲ್ಲ ಓದಿದ ನಾನೂ ಕೇಳಿರಲಿಲ್ಲ. ಕಳೆದ ವೈಶಾಖದಲ್ಲಿ ಅವಳ ಮದುವೆಯಾಯಿತು. ಹಸೆಗೆ ಕರೆತರುವುದು ಸೋದರಮಾವನ ಕೆಲಸವಷ್ಟೆ. ಕೈ ಹಿಡಿದು ನಡೆಸುವಾಗ ಮೆಲ್ಲಗೆ, "ಮಾಮ, ಅವತ್ತು ನೀವು ಹೇಳದಿದ್ದರೆ ನಾನೇ ಹೇಳುತ್ತಿದ್ದೆ" ಎಂದಳು.

ಮಂಟಪದ ಬಳಿ ನಿಂತಿದ್ದ ಅಕ್ಕ ನನ್ನ ಶಲ್ಯದ ಮಡಿಕೆಯನ್ನು ಸರಿಮಾಡಿದಳು. ಮಾತಾಡಲಿಲ್ಲ.