ಟ್ಯಾಂಕಿಗೆ ನಾಲ್ಕು ಹಾಸಿಗೆ

1:35 ಅಳತೆಯ ಸೆಂಚುರಿಯನ್ ಟ್ಯಾಂಕ್ ಕಿಟ್ ಸಿಗತ್ತೆ. 1971ರ ಬಸಂತರ್ ಕದನದಲ್ಲಿ ಅರುಣ್ ಖೇತ್ರಪಾಲ್ ಹೋರಾಡಿದ್ದು ಇಂಥ ಟ್ಯಾಂಕಿನಲ್ಲೇ. ಆದ್ರೆ ಮೇಲೆ ಹೇರೋ ಸಾಮಾನು ಹುಡುಕಿದ್ರೆ ನಮಗೆ ಸಿಕ್ಕ ಸೆಟ್‌ಗಳೆಲ್ಲ ಜರ್ಮನ್, ಅಮೆರಿಕನ್. ರೂಮ್‌ಮೇಟ್‌ನ ತಾತ ಆ ಯುದ್ಧದಲ್ಲಿ ಟ್ಯಾಂಕ್ ಓಡಿಸಿದವರು. ನಮ್ಮ ಬೋಳು ಟ್ಯಾಂಕ್ ನೋಡಿ ಕೇಳಿದ್ದು ಒಂದೇ: "ಹಾಸಿಗೆ ಎಲ್ರೋ?"

ಜೆರ್ರಿ ಕ್ಯಾನ್ ಸುಲಭ. ಬ್ರಿಟಿಷರು ಜರ್ಮನ್ ಕ್ಯಾನನ್ನೇ ನಕಲು ಮಾಡಿದ್ರಲ್ಲ, 13 ಮಿಲಿಮೀಟರಿನ ಜರ್ಮನ್ ಕ್ಯಾನ್ ತಗೊಂಡು ಅದರ ಮೇಲಿನ ಅಕ್ಷರ ಉಜ್ಜಿ ತೆಗೆದ್ವಿ. ಎಳೆಯೋ ಕೇಬಲ್ಲಿಗೆ ಹಾಳಾದ ಇಯರ್‌ಫೋನಿನ ತಾಮ್ರದ ಎಳೆ ಹೊಸೆದಿದ್ದಾಯ್ತು. ಹಾಸಿಗೆ ಯಾವ ಸೆಟ್‌ನಲ್ಲೂ ಸರಿಹೋಗಲಿಲ್ಲ. ಟಿಶ್ಯೂ ಪೇಪರನ್ನ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಸುತ್ತಿ, ಹೊಲಿಗೆ ದಾರದಲ್ಲಿ ಕಟ್ಟಿದ್ವಿ. ಸೆಂಚುರಿಯನ್‌ನಲ್ಲಿ ನಾಲ್ವರು, ಹಾಗಾಗಿ ನಾಲ್ಕು ಸುರುಳಿ. ನಾಲ್ಕನೇದಕ್ಕೆ ಜಾಗ ಸಾಲ್ತಿಲ್ಲ. ಟರೆಟ್ ಹಿಂದಿನ ಬುಟ್ಟೀನ ಇನ್ನೊಂಚೂರು ಅಗಲ ಮಾಡ್ತಿದೀವಿ.